ಹಾಡಹಗಲಿನ ಅರುಂಧತಿ

ನಮ್ಮ ಕಡೆಯ ಮದುವೆಗಳಲ್ಲಿ ನಕ್ಷತ್ರ ನೋಡುವುದಕ್ಕೆ ಕಣ್ಣು ಬೇಕಾಗಿಲ್ಲ, ಕತ್ತು ಇದ್ದರೆ ಸಾಕು. ಮಟಮಟ ಮಧ್ಯಾಹ್ನ ಅಕ್ಷತೆ ಬಿದ್ದ ಮೇಲೆ ಶಾಸ್ತ್ರಿಗಳು ವಧೂವರರನ್ನು ಅಂಗಳಕ್ಕೆ ಕರೆತಂದು ಉತ್ತರಕ್ಕೆ ಬೆರಳು ಚಾಚುತ್ತಾರೆ. ಸಪ್ತರ್ಷಿ ಮಂಡಲದಲ್ಲಿ ಹೊಳೆಯುವ ವಸಿಷ್ಠ, ಅವನ ಮಗ್ಗುಲಲ್ಲಿ ಪುಟ್ಟ ಅರುಂಧತಿ. ಜೋಡಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ‘ಕಂಡಿತು’ ಎನ್ನುತ್ತದೆ, ಎಲ್ಲರೂ ಊಟಕ್ಕೆ ಹೋಗುತ್ತಾರೆ. ಇದನ್ನು ಸುಳ್ಳು ಎನ್ನಲಾಗದು. ಹಸಿವು, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಚಿಕ್ಕೋಡಿಯಲ್ಲಿ ನನ್ನ ಮಗಳು ಸುಜಾತಾಳ ಮದುವೆ. ಅಳಿಯ ಶಿವಾನಂದ ಉಗಾರ ಖುರ್ದದವನು. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ನೌಕರಿ, ಕಾಟಾ ತೋರಿಸಿದ್ದನ್ನಷ್ಟೇ ಹೇಳಿ ರೂಢಿ. ಶಾಸ್ತ್ರಿಗಳು “ಕಂಡಿತೇನ್ರಿ?” ಎಂದರೆ, ಸಾವಕಾಶ ಆಕಾಶವೆಲ್ಲ ನೋಡಿ, “ಇಲ್ರಿ, ಕಾಣವಲ್ದು” ಎಂದುಬಿಟ್ಟ.

“ಕಂಡೈತಿ ಅನ್ರಿ, ಊಟಕ್ಕ ಹೊತ್ತಾಗೈತಿ.”

“ಕಾಣಲಾರದ್ದು ಕಂಡೈತಿ ಅಂತ ಹ್ಯಾಂಗ ಅನ್ಲಿರಿ?”

ಸತ್ತಿಯಿಂದ ಬಂದಿದ್ದ ನನ್ನ ಅಕ್ಕ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು. “ಹುಡುಗನ ಕಣ್ಣಾಗ ಏನರ ಐಬ ಐತೇನೋ ತಮ್ಮಾ, ನೀ ಸರಿಯಾಗಿ ವಿಚಾರಿಸೀಯೋ ಇಲ್ಲೋ?” ಹಗಲಿನಲ್ಲಿ ಯಾರಿಗೂ ನಕ್ಷತ್ರ ಕಾಣುವುದಿಲ್ಲವೆಂದು ನನಗೂ ಗೊತ್ತು. ಆದರೆ ಮಗಳನ್ನು ಕೊಟ್ಟ ಅಪ್ಪನಿಗೆ ಗೊತ್ತಿರುವುದು ಯಾವುದೂ ಆ ಹೊತ್ತಿಗೆ ಒದಗುವುದಿಲ್ಲ. ಸುದ್ದಿಯಂತೂ ಪಂಕ್ತಿಯಲ್ಲಿ ತುಪ್ಪಕ್ಕಿಂತ ಮೊದಲು ಎಲ್ಲರಿಗೂ ಮುಟ್ಟಿತ್ತು. ಈ ತುದಿಯಲ್ಲಿ ‘ಚಷ್ಮಾ ಬೇಕಂತ’ ಎಂದಿದ್ದದ್ದು ಆ ತುದಿಗೆ ಹೋಗುವಷ್ಟರಲ್ಲಿ ‘ಒಂದ ಕಣ್ಣಂತ’ ಎಂದಾಗಿತ್ತು. ಅಳಿಯನ ಕೈ ಸರಿಯಾಗಿ ಹೋಳಿಗೆಗೆ ಹೋಗುತ್ತದೆಯೇ ಎಂದು ನಾನು ಕಂಬದ ಮರೆಯಿಂದ ನೋಡಿದೆ. ಹೋಯಿತು. ಆದರೆ ಹೋಳಿಗೆ ದೊಡ್ಡದಿತ್ತು.

ಕತ್ತಲಾಗುತ್ತಲೇ ಹೆಣ್ಣು ಒಪ್ಪಿಸುವ ಹೊತ್ತಿಗೆ ಅಕ್ಕ ಇಬ್ಬರನ್ನೂ ಅಂಗಳದಲ್ಲಿ ತಡೆದಳು. “ಈಗ ನೋಡಪಾ.”

ಶಿವಾನಂದ ಕತ್ತೆತ್ತಿದ. “ಈಗ ಅಗದೀ ಸ್ಪಷ್ಟ ಐತ್ರಿ. ವಸಿಷ್ಠನ ಬಾಜೂಕ ಸಣ್ಣ ಚುಕ್ಕಿ.” ಸುಜಾತಾ ಅವನ ಬೆರಳಿನ ನೇರಕ್ಕೆ ನೋಡಿ, “ಹೌದ್ರಿ, ನನಗೂ ಕಂಡಿತು” ಎಂದಳು. ಅಕ್ಕ ತಾನೂ ನೋಡಿ, “ಕಣ್ಣು ಚಲೋ ಅದಾವ” ಎಂದು ತೀರ್ಪು ಕೊಟ್ಟಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಕಣ್ಣೂ ನೆಟ್ಟಗೆ, ಮಾತೂ ನೆಟ್ಟಗೆ. ಮಗಳು ಸುಖವಾಗಿರುತ್ತಾಳೆ ಎನ್ನಿಸಿ ಕಣ್ಣು ತುಂಬಿ ಬಂತು. ಅದೇ ಖುಷಿಯಲ್ಲಿ ನಾನೂ ಮೇಲೆ ನೋಡಿದೆ.

“ಎಲ್ಲೈತೋ? ನನಗ ಒಂದ ಕಾಣತೈತಿ.”

“ನನ್ನ ಬೆರಳ ನೋಡ್ರಿ ಮಾವಾರ.”

“ಬೆರಳು ಎರಡು ಕಾಣಾಕತ್ತಾವ. ಚುಕ್ಕಿ ಒಂದ.”

ಈ ಸಲ ಮೂಲೆಗೆ ಸರಿದು ಪಿಸುಗುಟ್ಟಿದವರು ಬೀಗರು. ಮುಂದಿನ ವಾರ ಅಳಿಯನೇ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಣ್ಣಿನ ದವಾಖಾನೆಗೆ ಕರೆದೊಯ್ದ. ಎರಡೂ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿದೆ ಎಂದರು ಡಾಕ್ಟರು. ಉಗಾರಕ್ಕೆ ಹೋಗಿ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಪ್ಪಿಕೊಂಡು ಬಂದದ್ದು ಈ ಕಣ್ಣುಗಳೇ.