ಸೇದದವನ ಕೆಮ್ಮು

ಸಿಗರೇಟು ಸೇದದವನ ಮಾತನ್ನು ಯಾರೂ ನಂಬುವುದಿಲ್ಲ. ಜನ್ಮದಲ್ಲಿ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲ ನಾನು. ಆದರೂ ಕೆಮ್ಮು ಹಿಡಿದು ಹೆಬ್ಬಗೋಡಿಯ ಡಾಕ್ಟರ ಬಳಿ ಹೋದಾಗ ಅವರ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಸೇದ್ತೀರಿ?" ಸೇದುವುದಿಲ್ಲ ಎಂದೆ. ಅವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ನನ್ನ ಅಂಗಿಯನ್ನು ಮೂಸಿದಳು. ನನ್ನ ಚಾರಿತ್ರ್ಯದ ವಿಚಾರಣೆ ಅಲ್ಲಿಗೆ ಮುಗಿಯಿತು.

ಕಾರ್ಖಾನೆಯ ಸ್ಟೋರಿನಲ್ಲಿ ನನ್ನ ಮೇಜಿರುವುದು ಕಿಟಕಿಯ ಪಕ್ಕ; ಆಚೆಗೆ ಸೇದುವವರ ಮೂಲೆ. ಕಿಟಕಿ ಮುಚ್ಚಿದರೆ ಬೆವರು, ತೆರೆದರೆ ಹೊಗೆ. ಕೊನೆಗೆ, ಹೆಸರು ಮಾತ್ರ ಹೇಳಬೇಡಿ ಎಂದು ಕೈಮುಗಿದು ಮ್ಯಾನೇಜರಿಗೆ ದೂರು ಕೊಟ್ಟೆ. ಆವರಣದೊಳಗೆ ಸೇದುವಂತಿಲ್ಲ ಎಂದು ಬೋರ್ಡು ಹಾಕಿಸಿದರು.

ಗದಗಿನ ಕಡೆಯ ಸಹೋದ್ಯೋಗಿ ಶಿವಕುಮಾರ ಕೆಂಡವಾದ. ಕಂಪನಿ ಕೆಲಸದ ಮೇಲೆ ನಾಲ್ಕು ದೇಶ ಸುತ್ತಿ ಬಂದವನು. "ಐರ್ಲೆಂಡಿನಾಗ ಬಾರ್‌ನಾಗೂ ಸೇದಂಗಿಲ್ಲ, ಸಿಂಗಾಪುರದಾಗ ಬಸ್‌ಸ್ಟಾಪಿನಾಗೂ ಇಲ್ಲ. ಈಗ ಇಲ್ಲೂ ಶುರು! ಎಲ್ಲಾ ದೇಶದವ್ರೂ ಮಾತಾಡ್ಕೊಂಡಾರ ನೋಡ್ರಿ."

"ಮಾತಾಡ್ಕೊಂಡಿಲ್ಲ ಕಣ್ರೀ, ಕೆಮ್ಕೊಂಡಿದಾರೆ" ಎಂದೆ. ಎಲ್ಲ ದೇಶದಲ್ಲೂ ಸೇದುವವನ ಪಕ್ಕದಲ್ಲಿ ಸೇದದವನೊಬ್ಬ ಇದ್ದೇ ಇರುತ್ತಾನೆ. ಬಾರಿನಲ್ಲಿ ಎಂಜಲು ಲೋಟ ಎತ್ತುವ ಕೆಲಸದವನು ಹೊಗೆ ಕುಡಿಯಲು ಸಂಬಳಕ್ಕೆ ಸೇರಿದವನಲ್ಲ. ಅವನ ಕೆಮ್ಮಿಗೆ ಭಾಷೆಯ ಹಂಗಿಲ್ಲ. ಒಂದು ದೇಶ ನಿಷೇಧ ಹಾಕುವ ಧೈರ್ಯ ಮಾಡಿತು, ಬಾರುಗಳೇನೂ ಬಾಗಿಲು ಹಾಕಲಿಲ್ಲ. ಅದನ್ನು ನೋಡಿ ಪಕ್ಕದ ದೇಶಕ್ಕೂ ಧೈರ್ಯ ಬಂತು. ಶಿವಕುಮಾರ ಸಿಗರೇಟು ಹಿಡಿದುಕೊಂಡು ಗೇಟಿನಾಚೆ ನಡೆದ.

ದೂರು ಕೊಡುವಾಗ ಗೇಟಿನಾಚೆ ಏನಿದೆಯೆಂದು ನಾನು ಯೋಚಿಸಿರಲಿಲ್ಲ. ಅಲ್ಲಿ ಮುನಿಯಪ್ಪನ ಗೂಡಂಗಡಿ. ಅದರ ನೆತ್ತಿಯ ಮೇಲೇ ನಮ್ಮ ಬಾಡಿಗೆ ಮನೆ. ಸೇದುವವರ ಮೂಲೆಗೆ ಮೂಲೆಯೇ ಅಲ್ಲಿಗೆ ವಲಸೆ ಬಂತು. ನನ್ನ ಮಗಳಿಗೆ ಹುಟ್ಟಿನಿಂದ ಉಬ್ಬಸ. ಮೊದಲು ಚಳಿಗಾಲಕ್ಕೆ ಮಾತ್ರ ಹೊರಬರುತ್ತಿದ್ದ ಇನ್ಹೇಲರ್ ಈಗ ಅವಳ ಶಾಲೆಯ ಚೀಲದಲ್ಲೇ ಇರುತ್ತದೆ. ಸಿಟ್ಟಿನಿಂದ ಕೆಳಗಿಳಿದು ಹೋದೆ.

"ಮುನಿಯಪ್ಪಣ್ಣ, ಇವ್ರಿಗೆ ಸ್ವಲ್ಪ ಆಚೆ ನಿಂತ್ಕೊಳಕ್ಕೆ ಹೇಳಿ. ಮಗೂಗೆ ಉಸಿರು ಕಟ್ಟುತ್ತೆ."

"ಹೇಳ್ತೀನಿ ಸಾರ್, ಕೇಳ್ಬೇಕಲ್ಲ ಅವ್ರು" ಎಂದ ಮುನಿಯಪ್ಪ, ದನಿ ತಗ್ಗಿಸಿದ. "ಅಂಗಡಿ ಮುಚ್ಚೋಗೋ ಅಂಗಿತ್ತು ಸಾರ್. ಯಾರೋ ಪುಣ್ಯಾತ್ಮ ಕಂಪ್ಲೇಂಟ್ ಕೊಟ್ಟು ಒಳಗಡೆ ಸೇದೋದು ನಿಲ್ಲಿಸ್ಬಿಟ್ಟ. ಅವನ ಎಂಡ್ತಿ ಮಕ್ಳು ತಣ್ಣಗಿರ್ಲಿ ಅಂತ ದಿನಾ ದೇವರಿಗೆ ಕೈಮುಗೀತೀನಿ."

ಮೇಲಿನಿಂದ ಮಗಳ ಕೆಮ್ಮು ಕೇಳಿಸಿತು. ಪುಣ್ಯಾತ್ಮನಾದ ನಾನು ಮುನಿಯಪ್ಪನಿಂದಲೇ ಒಂದು ಶುಂಠಿ ಪೆಪ್ಪರಮಿಂಟು ಕೊಂಡು, ಆಶೀರ್ವಾದದ ಸಮೇತ ಮೆಟ್ಟಿಲು ಹತ್ತಿದೆ.