ಉತ್ತರಾಣಿಯ ಬೆನ್ನು ಹತ್ತಿ

ಗಿಡಮರಗಳ ಬಗ್ಗೆ ನನಗೆ ಅಪಾರ ಜ್ಞಾನವಿದೆ. ಯಾರಾದರೂ ಕಿತ್ತುಕೊಂಡು ಬಾ ಎನ್ನುವವರೆಗೆ ಮಾತ್ರ. ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಎತ್ತಿ ಸೂರತ್ತಿಗೆ ಹಾಕಿದ ವರ್ಷ ಇದು ಬಯಲಾಯಿತು. ಗಣೇಶನ ಹಬ್ಬದ ಹಿಂದಿನ ದಿನ, ಅಡಾಜಣ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಸುಮಾ ಪೂಜೆಯ ಪತ್ರೆಗಳನ್ನು ಜೋಡಿಸುತ್ತಾ, "ರೀ, ಎಲ್ಲಾ ಸಿಕ್ತು. ಉತ್ತರಾಣಿ ಒಂದಿಲ್ಲ" ಎಂದಳು. ಊರಲ್ಲಿ ಪ್ರತಿವರ್ಷ ಅವಳಮ್ಮನೇ ಕಿತ್ತು ಕಳಿಸುತ್ತಿದ್ದರು. ಈ ವರ್ಷ ಅವರೇ ಇಲ್ಲ. ಅಷ್ಟು ಹೇಳಿ ಅವಳು ಇದ್ದ ಪತ್ರೆಗಳನ್ನೇ ಮತ್ತೆ ಎಣಿಸತೊಡಗಿದ್ದನ್ನು ನೋಡಲಾರದೆ, "ಬಟ್ಟೆಗೆ ಅಂಟ್ಕೊಳ್ಳೋ ಗಿಡ ತಾನೇ? ನಂಗೊತ್ತಿಲ್ವಾ?" ಎಂದು ಎದ್ದೇಬಿಟ್ಟೆ.

ನನಗೆ ಗೊತ್ತಿದ್ದದ್ದೂ ಅಷ್ಟೇ. ಎಲೆ ಉದ್ದವೋ ದುಂಡೋ ನೆನಪಿರಲಿಲ್ಲ. ಹಿಂದಿನ ಖಾಲಿ ಸೈಟಿನಲ್ಲಿ ಮೇಕೆಗಳು ಮೇಯುತ್ತಿದ್ದವು. ಅವುಗಳ ಮೈಗೆ ಅಂಟಿದ್ದನ್ನು ನೋಡಿ ಗಿಡ ಹುಡುಕಿದರಾಯಿತು ಎಂಬ ಉಪಾಯ ಹೊಳೆಯಿತು. ಇಸ್ತ್ರಿ ಪ್ಯಾಂಟಿನ ಬ್ಯಾಂಕ್ ಆಫೀಸರನೊಬ್ಬ ಮೇಕೆಯ ಬಾಲದ ಹಿಂದೆ ಓಡುವುದನ್ನು ನಮ್ಮ ಸೊಸೈಟಿಯವರೆಲ್ಲ ಬಾಲ್ಕನಿಯಿಂದ ಕಂಡು ಸಂತೋಷಪಟ್ಟರು. ಕೊನೆಗೊಂದು ಮೇಕೆ ಕನಿಕರಪಟ್ಟು ನಿಂತಿತು. ಅದರ ಕೂದಲಲ್ಲಿ ಕೊಕ್ಕೆಮುಳ್ಳಿನ ಕಾಯಿಗಳು ಸಿಕ್ಕಿಕೊಂಡಿದ್ದವು. ಅದೇ ಕಾಯಿ ಬಿಟ್ಟ ಗಿಡ ಪಕ್ಕದಲ್ಲೇ ಎದೆಯುದ್ದ ಬೆಳೆದಿತ್ತು. ಒಂದು ಹೊರೆ ಕಿತ್ತುಕೊಂಡು ಬಂದೆ.

ಎದುರುಮನೆಯ ಜಸುಬೆನ್ ಮೆಟ್ಟಿಲಲ್ಲೇ ತಡೆದು, "ಅರೇ ಭಾಯಿ, ಆ ತೋ ಗಾಡರಿಯುಂ! ಪೂಜಾಮಾಂ ನ ಚಾಲೇ" ಎಂದರು. ಕುರಿಗಳ ಉಣ್ಣೆಗೆ ಹಿಡಿಯುವ ಕಳೆಯಂತೆ, ಪೂಜೆಗೆ ಆಗದಂತೆ. ಸುಮಾ ನಕ್ಕಿದ್ದರೆ ವಾಸಿಯಿತ್ತು. "ಹೋಗ್ಲಿ ಬಿಡಿ, ಅದರ ಬದಲು ಅಕ್ಷತೆ ಹಾಕಿದ್ರಾಯ್ತು" ಎಂದು ಮುಖ ತಿರುಗಿಸಿಕೊಂಡಳು. ನಾನು ಹೊರೆಯನ್ನು ಕೆಳಗೆ ಎಸೆದು ಬಂದು, ಪ್ಯಾಂಟನ್ನು ಒಗೆಯಲು ಹಾಕಿದೆ.

ಸ್ವಲ್ಪ ಹೊತ್ತಿಗೆ ಬಾತ್‌ರೂಮಿನಿಂದ ಅವಳ ಕೂಗು ಕೇಳಿತು: "ರೀ, ಎಲ್ಲಿಂದ ಹತ್ತಿಸ್ಕೊಂಡು ಬಂದ್ರಿ ಇದನ್ನ?" ಒಗೆಯಲು ಹಾಕಿದ್ದ ನನ್ನ ಪ್ಯಾಂಟಿನ ಅಂಚಿಗೆ ಜೀರಿಗೆಯಂಥ ಕಾಳುಗಳು ಅಂಟಿಕೊಂಡಿದ್ದವು. "ಇದೇ ಕಣ್ರೀ ಉತ್ತರಾಣಿ!"

ಎಲ್ಲಿಂದ ಎಂದರೆ, ನಾನು ಸ್ಕೂಟರ್ ನಿಲ್ಲಿಸುವ ಕಾಂಪೌಂಡಿನ ಮೂಲೆಯಿಂದ. ಅವೇ ಕಾಳುಗಳನ್ನು ನಾನು ದಿನವೂ ಬ್ಯಾಂಕಿನಲ್ಲಿ ಮೇಜಿನ ಕೆಳಗೆ ಬಗ್ಗಿ, ಸೂರತ್ತನ್ನು ಬೈಯುತ್ತಾ ಕೀಳುತ್ತಿದ್ದೆ. ಮಗಳನ್ನೂ ಕರೆದುಕೊಂಡು ಮೂವರೂ ಕೆಳಗಿಳಿದೆವು. ಸುಮಾ ಅವಳಮ್ಮನ ಹಾಗೆಯೇ ಬುಡ ಅಲುಗಿಸದೆ ಕುಡಿಯನ್ನಷ್ಟೇ ಚಿವುಟಿ ಸೆರಗಿಗೆ ಹಾಕಿಕೊಂಡಳು. ಅವಳ ಮುಖ ನೋಡಿ ನನಗೆ ಅಂದೇ ಹಬ್ಬವಾಯಿತು.

ಆಗ ಐದನೇ ಕ್ಲಾಸಿನ ಮಗಳು, "ಅಪ್ಪಾ, ನಮ್ ಸೈನ್ಸ್ ಬುಕ್ಕಲ್ಲಿ ಇದೆ. ಇಂಥ ಸೀಡ್ಸನ್ನ ದಾರೀಲಿ ಹೋಗೋ ಪ್ರಾಣಿಗಳು ಮನೇವರೆಗೂ ಹೊತ್ಕೊಂಡು ಬರ್ತವೆ, ಅವಕ್ಕೆ ಗೊತ್ತೇ ಆಗಲ್ಲ" ಎಂದಳು. ಸುಮಾ ನನ್ನ ಕಡೆ ನೋಡಿ, ಅಮ್ಮ ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಾಪ, ಆ ಮೇಕೆಗಳನ್ನು ಸುಮ್ಮನೆ ಓಡಿಸಿದ್ದೆ.