ಅಕ್ಕ ಅಂಟಿಸಿದ ಅಮ್ಮ

ನಮ್ಮ ಸೋದರಮಾವನ ಬಾಳಿನಾಗ ಏನು ಕೆಟ್ಟರೂ ಅದಕ್ಕ ಕಾರಣ ನಮ್ಮವ್ವ. ಇದು ನನ್ನ ಮಾತಲ್ಲ. ಅಳವಂಡಿಯೊಳಗ ಯಾರನ್ನ ಕೇಳಿದರೂ ಹೇಳ್ತಾರ, ಯಾಕಂದ್ರ ಮಾವ ಎಲ್ಲಾರಿಗೂ ಹೇಳ್ಯಾನ.

ಸಣ್ಣವರಿದ್ದಾಗ ನಮ್ಮವ್ವಗ ಅಮ್ಮ ಬಂದು ಮೈತುಂಬ ಗುಳ್ಳಿ ಎದ್ದಿದ್ದವಂತ. ಆಕಿಯಿಂದ ತಮ್ಮಗೂ ಅಂಟಿತು. ಅಲ್ಲಿಂದ ಶುರು! ಮೆಟ್ರಿಕ್‌ ಫೇಲಾಗಿದ್ದು? "ಅಮ್ಮ ಬಂದು ತಲಿ ಮಂಕಾತು." ತಲಿ ಬೋಳಾಗಿದ್ದು? ಅದೂ ಅಮ್ಮನಿಂದನ. ತಳಕಲ್ಲಿಗೆ ಹೆಣ್ಣು ನೋಡಾಕ ಹೋದಾಗ, ಯಾರೂ ಕೇಳದಿದ್ದರೂ ಮೂಗಿನ ಮ್ಯಾಲಿನ ಗುಳ್ಳಿ ಕಲಿ ತೋರಿಸಿ, "ಇದು ನಮ್ಮಕ್ಕನ ಕೆಲಸ್ರೀ" ಅಂದನಂತ. ಹುಡುಗಿ ನಕ್ಕು ಒಪ್ಪಿದಳು. ಆಕೀನ ಈಗ ನಮ್ಮತ್ತಿ.

"ಲಗ್ನಕ್ಕೂ ನಾನ ಕಾರಣೇನೋ?" ಅಂತ ಅವ್ವ ಕೇಳಿದರ, "ಮತ್ತ? ಅನುಭವಿಸಾಕತ್ತೀನಲ್ಲ" ಅಂತಾನ.

ಹೋದ ವರ್ಷ ಮಾವಗ ನ್ಯುಮೋನಿಯಾ ಆಗಿ ಕೊಪ್ಪಳದಾಗ ಐಸಿಯುಕ್ಕ ಹಾಕಿದರು. ಬಾಯಾಗ ಪೈಪು, ಮಾತಿಲ್ಲ. ಅವ್ವನ್ನ ಬೈಯದ ಮಾವನ್ನ ನೋಡಿ ನಮಗ ಉಳಿಯೋದಿಲ್ಲೇನೋ ಅನಿಸಿತು. ಎಂಟನೇ ದಿನ ಸೊಂಟದ ಸುತ್ತ ಗುಳ್ಳಿ ಎದ್ದವು.

"ಸಣ್ಣವರಿದ್ದಾಗ ಇವರಿಗೆ ಅಮ್ಮ ಬಂದಿತ್ತೇನ್ರಿ?" ಅಂತ ಡಾಕ್ಟರು ಕೇಳಿದರು. "ಆ ವೈರಸ್ ಮೈಬಿಟ್ಟು ಹೋಗಿರೋದಿಲ್ರಿ, ನರದಾಗ ಮಲಗಿರತೈತಿ. ಶಕ್ತಿ ಕುಂದಿದಾಗ ಹಿಂಗ ಸರ್ಪಸುತ್ತಾಗಿ ಏಳತೈತಿ."

ಮಾವನ ಐವತ್ತು ವರ್ಷದ ದೂರಿಗೆ ಡಾಕ್ಟರನ ಸಾಕ್ಷಿ ಸಿಕ್ತು ನೋಡ್ರಿ! ಅವ್ವ ಮನಿಗೆ ಬಂದಾಕಿ ಒಗ್ಗರಣಿ ಬಂದ್ ಮಾಡಿದಳು. ಅಮ್ಮ ಬಂದಾಗ ಹಾಕಬಾರದಂತ. ನಮಗೆಲ್ಲ ಬರೇ ಮೊಸರನ್ನ. ಮರುದಿನ ಐಸಿಯು ಬಾಗಲಕ್ಕ ಬೇವಿನ ತಪ್ಪಲ ಸಿಗಿಸಿದಳು. ಸಿಸ್ಟರ್ ತಗದರು, ಈಕಿ ಮತ್ತ ಸಿಗಿಸಿದಳು. ಮೂರನೇ ಸಲಕ್ಕ ಸಿಸ್ಟರ್, "ಅದನ್ನ ನಿಮ್ಮ ಸೆರಗಿಗೇ ಕಟ್ಟಿಕೋರಿ ಅವ್ವಾರ" ಅಂದು ಕೈಮುಗಿದರು.

ಅಮ್ಮ ಬಂದುಹೋದವರು ಒಬ್ಬರು ಮಾತ್ರ ಹತ್ತಿರ ಕೂಡಬಹುದು, ಬರದವರಿಗೆ ಅಂಟತೈತಿ ಅಂದರು ಡಾಕ್ಟರು. ನಮ್ಮತ್ತಿಗೂ ಬಂದಿಲ್ಲ, ನನಗೂ ಬಂದಿಲ್ಲ. ಅವ್ವ ಕಣ್ಣೊರಸಿಕೊಂಡು ಎದ್ದಳು.

"ಅಳಬ್ಯಾಡಬೇ, ನೀ ಬೇಕಂತ ಅಂಟಿಸಿಲ್ಲಲ್ಲ" ಅಂದೆ.

"ನಾ ಎಲ್ಲಿ ಅಂಟಿಸೀನೋ? ನನ್ನ ಒಬ್ಬಾಕಿನ್ನ ಖೋಲ್ಯಾಗ ಹಾಕಿದ್ದರು. ಯಾರೂ ಒಳಗ ಹೋಗಬಾರದು ಅಂದಿದ್ದರು. ಅಕ್ಕ ಅಳಾಕತ್ತಾಳಂತ ಇವನೇ ಚಡ್ಡಿ ಕಿಸೆದಾಗ ಶೇಂಗಾ ಬೆಲ್ಲ ತುಂಬಿಕೊಂಡು ಕದ್ದು ಬಂದು, ನನ್ನ ಮಗ್ಗಲಾಗ ಮಲಗಿದ್ದ. ಅಪ್ಪ ಹೊಡಿತಾನ, ಯಾರಿಗೂ ಹೇಳಬ್ಯಾಡ ಅಂದಿದ್ದ. ಇವತ್ತಿನತನಕ ಹೇಳಿಲ್ಲ."

ಗೌನು ತೊಟ್ಟು ಒಳಗ ಹೋದಳು. ದಿನಾ ಹೋದಳು. ಐದನೇ ದಿನ ಪೈಪು ತಗದರು. ಮಾವ ಕಣ್ಣು ತೆರೆದು ಅಕ್ಕನ್ನ ನೋಡಿ, ಒಡಕು ದನಿಯಾಗ, "ಎಲ್ಲಾ ನಿನ್ನಿಂದನ" ಅಂದ.

"ಹೂಂನಪ್ಪಾ, ನನ್ನಿಂದನ" ಅಂತ ಅವ್ವ ಮೊದಲನೇ ಸಲ ಒಪ್ಪಿಕೊಂಡು, ಅವನ ಕೈ ಹಿಡದು ಕುಂತಳು.